ಮಳೆಗೆ ಮಿಲಿಮೀಟರ್ ಯಾಕೆ? ಆರು–ಏಳನೇ ತರಗತಿಯಲ್ಲಿ ಹೇಳಿಕೊಡುವ ಬಗೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಮಲೆನಾಡಿನ ಮಕ್ಕಳು ಇದನ್ನು ಬಾಯಿಪಾಠ ಒಪ್ಪಿಸುತ್ತಾರೆ. ‘ನೀರನ್ನ ಲೀಟರಲ್ಲಿ ಅಳೀಬೇಕಲ್ವಾ ಸಾರ್, ಇದಕ್ಯಾಕೆ ಸ್ಕೇಲಿನ ಲೆಕ್ಕ?’ ಅಂತ ಕೇಳುವವರು ಮಾತ್ರ ಕಡಿಮೆ. ಆ ಪ್ರಶ್ನೆ ಮಕ್ಕಳಿಂದಲೇ ಬರುವಂತೆ ಮಾಡಿ, ಆಮೇಲೆ ಪಾಠ ಶುರು ಮಾಡಿ.

ಸೂರಿನ ನೀರಿಗೆ ಹಂಡೆ ಇಟ್ಟು ಗೊತ್ತಿರುವ ಮಕ್ಕಳ ಅಳತೆ ಪಾತ್ರೆಯದ್ದು: ಒಂದು ಬಕೆಟ್ ಮಳೆ, ಒಂದು ಡ್ರಮ್ ಮಳೆ. ಅದನ್ನು ತಪ್ಪು ಅನ್ನಬೇಡಿ. ‘ದೊಡ್ಡ ಡ್ರಮ್ ಇಟ್ಟವರ ಮನೆಗೆ ಜಾಸ್ತಿ ಮಳೆ ಬಂತಾ?’ ಅಂತ ಕೇಳಿ, ಉತ್ತರ ಹೇಳದೆ ಸುಮ್ಮನಿರಿ. ಒಬ್ಬೊಬ್ಬರ ಊಹೆಯನ್ನೂ ಬೋರ್ಡಿನ ಮೇಲೆ ಬರೆದಿಡಿ, ಅಳತೆ ಮುಗಿಯುವ ತನಕ ಅಳಿಸಬೇಡಿ.

ಮೂರು ಸ್ಟೀಲ್ ಡಬ್ಬ ತರಿಸಿ. ಅಗಲ ಬೇರೆ ಬೇರೆ ಇರಲಿ, ಆದರೆ ಗೋಡೆ ನೇರವಾಗಿರಬೇಕು, ತಳ ಚಪ್ಪಟೆಯಾಗಿರಬೇಕು, ಎತ್ತರ ಒಂದು ಗೇಣಾದರೂ ಇರಬೇಕು. ಬಯಲಲ್ಲಿ, ಮರ ಅಥವಾ ಕಟ್ಟಡದ ಎತ್ತರದ ಎರಡರಷ್ಟು ದೂರದಲ್ಲಿ ಇಡಿ. ಬಾಯಿ ನೆಲದಿಂದ 30 ಸೆಂ.ಮೀ. ಮೇಲಿರಲಿ, ಇಲ್ಲದಿದ್ದರೆ ನೆಲಕ್ಕೆ ಬಿದ್ದ ಹನಿ ಚಿಮ್ಮಿ ಒಳಗೆ ಸೇರುತ್ತದೆ. ಗಾಳಿಗೆ ಉರುಳದಿರಲಿ ಅಂತ ಮಕ್ಕಳು ಡಬ್ಬದೊಳಗೆ ಕಲ್ಲು ಹಾಕುತ್ತಾರೆ. ಕಲ್ಲು ಜಾಗ ತಿಂದಷ್ಟೂ ನೀರಿನ ಮಟ್ಟ ಏರುತ್ತದೆ. ಕಲ್ಲನ್ನೋ ಇಟ್ಟಿಗೆಯನ್ನೋ ಹೊರಗಿನಿಂದಲೇ ಆನಿಸಿ.

ಅಳೆಯುವಾಗ ಎಡವಟ್ಟಾಗುವುದು ಸ್ಕೇಲಿನಿಂದ. ಪ್ಲಾಸ್ಟಿಕ್ ಸ್ಕೇಲಿನ ತುದಿಗೂ ಸೊನ್ನೆಯ ಗೆರೆಗೂ ನಡುವೆ ಮೂರು–ನಾಲ್ಕು ಮಿ.ಮೀ. ಖಾಲಿ ಇರುತ್ತದೆ. ಅದನ್ನು ಕೂಡಿಸದಿದ್ದರೆ 8 ಮಿ.ಮೀ. ಮಳೆ ಬಂದ ದಿನ 5 ಅಂತ ಬರೆಯುತ್ತಾರೆ. ಆ ತುದಿಯನ್ನು ಸೊನ್ನೆಯ ಗೆರೆಗೇ ಕತ್ತರಿಸಿಬಿಡುವುದು ಸುಲಭ.

ಮೂರೂ ಡಬ್ಬದಲ್ಲಿ ಆಳ ಹೆಚ್ಚುಕಡಿಮೆ ಒಂದೇ. ನೀರನ್ನು ಲೋಟದಲ್ಲಿ ಅಳೆದರೆ ಮಾತ್ರ ಮೂರೂ ಬೇರೆ. ಈಗ ಬೋರ್ಡಿನ ಊಹೆಗಳ ಕಡೆ ತಿರುಗಿ. ಅಗಲದ ಡಬ್ಬಕ್ಕೆ ಹೆಚ್ಚು ನೀರು ಬಿದ್ದಿದೆ, ಆದರೆ ಅದು ಹೆಚ್ಚು ಜಾಗದ ಮೇಲೆ ಹರಡಿದೆ ಅನ್ನುವ ಮಾತು ಮಕ್ಕಳ ಬಾಯಿಂದಲೇ ಬರಬೇಕು. ನೀವೇ ಹೇಳಿಬಿಟ್ಟರೆ ತಲೆಯಾಡಿಸುತ್ತಾರೆ, ಅಷ್ಟೇ.

ಮರುದಿನ ಮಾಮೂಲಿ ಬಕೆಟ್ ಒಂದನ್ನು ಜೊತೆಗಿಡಿ. ಬಕೆಟಿನ ಬಾಯಿ ಅಗಲ, ತಳ ಕಿರಿದು. ಅದರಲ್ಲಿ ಆಳ ಡಬ್ಬಕ್ಕಿಂತ ಜಾಸ್ತಿ ಬರುತ್ತದೆ! ಕೊಡ ಇಟ್ಟರೆ ಉಲ್ಟಾ. ‘ಅಗಲ ಯಾವುದಾದರೂ ಆಳ ಒಂದೇ’ ಅಂತ ನಿನ್ನೆ ಗಟ್ಟಿ ಮಾಡಿಕೊಂಡವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಆಗಲಿ, ಗೋಡೆ ಯಾಕೆ ನೇರ ಇರಬೇಕು ಅನ್ನುವುದು ಅರ್ಥವಾಗುವುದು ಈ ಗೊಂದಲದಲ್ಲೇ. ಇದನ್ನು ಮೊದಲ ದಿನವೇ ತಂದರೆ ಮಾತ್ರ ಎರಡೂ ಕಲಸಿಹೋಗುತ್ತವೆ.

ಇನ್ನು ಮಿಲಿಮೀಟರನ್ನು ಲೀಟರಿಗೆ ಜೋಡಿಸಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆಯಿರಿ. 100 × 100 × 0.1 ಸೆಂ.ಮೀ. ಅಂದರೆ 1,000 ಘನ ಸೆಂ.ಮೀ., ಒಂದು ಲೀಟರ್. ಅಂದರೆ ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಆ ಚೌಕಕ್ಕೇ ನೀರು ಸುರಿದು ತೋರಿಸಲು ಹೋಗಬೇಡಿ, ನೆಲ ಸಮ ಇರದೆ ಒಂದು ಮೂಲೆಗೆ ಓಡುತ್ತದೆ. ಬದಲಿಗೆ ಒಳಅಳತೆ 25 × 20 ಸೆಂ.ಮೀ. ಇರುವ ಟ್ರೇಗೆ ಅರ್ಧ ಲೀಟರ್ ಹಾಕಿ, ಆಳ 10 ಮಿ.ಮೀ. ಬರುತ್ತದೆ. ಇಂಥ 20 ಟ್ರೇ ಸೇರಿದರೆ ನೆಲದ ಚೌಕ ತುಂಬುತ್ತದೆ, ನೀರು 10 ಲೀಟರ್. 50 ಮಿ.ಲೀ. ಹಾಕಿ ಒಂದೇ ಮಿ.ಮೀ. ತೋರಿಸುತ್ತೇನೆ ಅಂದರೆ ಆಗದು, ಅಷ್ಟು ತೆಳ್ಳಗೆ ನೀರು ಹರಡದೆ ಅಲ್ಲಲ್ಲೇ ಗುಂಪಾಗಿ ನಿಲ್ಲುತ್ತದೆ.

ಆಮೇಲೆ ಶಾಲೆಯ ಮಾಡು. 8 × 6 ಮೀಟರ್ ಅಂದರೆ 48 ಚದರ ಮೀಟರ್. 10 ಮಿ.ಮೀ. ಮಳೆಗೆ 480 ಲೀಟರ್, ಅಂದರೆ 200 ಲೀಟರಿನ ಡ್ರಮ್ ತುಂಬಲು ನಾಲ್ಕು ಮಿ.ಮೀ. ಚಿಲ್ಲರೆ ಸಾಕು. ಹಂಚಿನ ಮಾಡಾದರೆ ಮಕ್ಕಳು ಇಳಿಜಾರಿನ ಉದ್ದ ಹಿಡಿದು ಅಳೆಯುತ್ತಾರೆ, ಲೆಕ್ಕ ಜಾಸ್ತಿ ಬರುತ್ತದೆ. ನೋಟ್‌ಬುಕ್ಕನ್ನು ಅರ್ಧ ತೆರೆದು ಬೋರಲು ನಿಲ್ಲಿಸಿ, ಅದು ಮಳೆಯಿಂದ ಮರೆಮಾಡುವ ನೆಲ ಎಷ್ಟು ಅಂತ ಕೇಳಿ. ಅಳೆಯಬೇಕಾದ್ದು ಅದನ್ನೇ, ಸೂರಿನ ಅಂಚಿನಿಂದ ಅಂಚಿಗೆ, ನೆಲದ ಮೇಲೆ. ಡ್ರಮ್ಮಿನಲ್ಲಿ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಸಿಗುತ್ತದೆ, ಒಣಗಿದ ಹಂಚು ಮೊದಲ ಮಳೆಯನ್ನು ಹೀರುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಹುಡುಕುವುದನ್ನು ಮಕ್ಕಳಿಗೇ ಬಿಡಿ.

ಮಳೆ ರಜೆ ಅಂದರೆ ಕಿವಿ ನೆಟ್ಟಗಾಗುವ ತರಗತಿಗೆ ಹವಾಮಾನ ಇಲಾಖೆಯ ಅಂಕಿಗಳನ್ನೂ ಕೊಡಿ: 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ, 115.6 ಆದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನ ದರ್ಜೆ. ಲಿಂಗನಮಕ್ಕಿ ಜಲಾಶಯ ತುಂಬಿದಾಗಿನ ಮಟ್ಟ 1,819 ಅಡಿ ಅನ್ನುವುದನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಅದು ನೀರಿನ ಆಳವಲ್ಲ, ಸಮುದ್ರಮಟ್ಟದಿಂದ ಎತ್ತರ ಅಂತ ಹೇಳಿ ಮುಂದೆ ಹೋಗಿ, ಅದಕ್ಕೆ ಬೇರೆಯೇ ಪಾಠ ಬೇಕು.

ಅರ್ಥವಾಯಿತೋ ಇಲ್ಲವೋ ನೋಡಲು ಒಂದು ಪ್ರಶ್ನೆ: ‘ತೀರ್ಥಹಳ್ಳಿಯಲ್ಲಿ 85 ಮಿ.ಮೀ. ಮಳೆ ಅಂತ ಪೇಪರಿನಲ್ಲಿದೆ. ಅಲ್ಲಿನ ದೊಡ್ಡ ಅಂಗಳಕ್ಕೆ 85, ಚಿಕ್ಕ ಅಂಗಳಕ್ಕೆ ಎಷ್ಟು?’ ಕಡಿಮೆ ಅಂದವರನ್ನು ಮತ್ತೆ ಮೂರು ಡಬ್ಬಗಳ ಹತ್ತಿರ ಕರೆದುಕೊಂಡು ಹೋಗಿ.

ದಾಖಲೆಯನ್ನು ದಿನವೂ ಬೆಳಿಗ್ಗೆ 8.30ಕ್ಕೇ ಬರೆಯಿಸಿ. ಇಲಾಖೆಯ ದಿನದ ಲೆಕ್ಕವೂ ಅದೇ ಹೊತ್ತಿಗೆ, ಹೋಲಿಸಲು ಬರುತ್ತದೆ. ಬರೆದ ಮೇಲೆ ಡಬ್ಬ ಬರಿದು ಮಾಡಿ ಇಡಬೇಕು. ಭಾನುವಾರ ತಪ್ಪಿದರೆ ಸೋಮವಾರದ ಅಂಕಿಯನ್ನು ‘ಎರಡು ದಿನದ್ದು’ ಅಂತಲೇ ಬರೆಯಲಿ, ಎರಡಾಗಿ ಹಂಚುವುದು ಬೇಡ.