ಅಚ್ಚಿಗೆ ಹೋಗುವ ಮೊದಲು ತರಗತಿಗೆ

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯಲು ಆರಂಭಿಸಿದ ಮೊದಲ ಕೆಲವು ವರ್ಷ ನಾನು ಶಾಲೆಗಳಿಗೆ ಹೋಗುತ್ತಿದ್ದುದು ಪುಸ್ತಕ ಹೊರಬಂದ ಮೇಲೆ. ಮುಖ್ಯೋಪಾಧ್ಯಾಯರು ಹೂಗುಚ್ಛ ಕೊಡುತ್ತಿದ್ದರು, ನಾನು ಕಪ್ಪುಹಲಗೆಯ ಮೇಲೆ ಆನೆಯೊಂದನ್ನು ಬರೆದು ತೋರಿಸುತ್ತಿದ್ದೆ, ಮಕ್ಕಳು ಅದನ್ನೇ ನೋಡಿ ನಕಲು ಮಾಡುತ್ತಿದ್ದರು, ಫೋಟೊ ತೆಗೆಸಿಕೊಂಡು ಹೊರಡುತ್ತಿದ್ದೆ. ಆ ಭೇಟಿಗಳಿಂದ ಯಾರಿಗೆ ಏನು ಸಿಕ್ಕಿತೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಈ ಕ್ರಮ ಬದಲಾದದ್ದು ನವಲಗುಂದದ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಅಂದು ಒಯ್ದಿದ್ದ ಪುಸ್ತಕದಲ್ಲಿ ಅಪ್ಪ ಹಿಂಗಾರಿ ಜೋಳ ಬಿತ್ತುವ ಒಂದು ಪುಟವಿತ್ತು. ನಾನು ಎರಡು ಎತ್ತು, ಒಂದು ನೇಗಿಲು, ಅದರ ಹಿಂದೆ ಕೈಬೀಸಿ ಬೀಜ ಎರಚುವ ಅಪ್ಪನನ್ನು ಬರೆದಿದ್ದೆ. ಬೆಂಗಳೂರಿನಲ್ಲಿ ಬೆಳೆದ ನಾನು ಬೇಸಾಯವನ್ನು ಕಂಡದ್ದು ಬಹುಪಾಲು ಬೇರೆಯವರ ಚಿತ್ರಗಳಲ್ಲಿ. ಮೂರನೆಯ ತರಗತಿಯ ಹುಡುಗನೊಬ್ಬ ಆ ಪುಟದ ಮೇಲೆ ಬೆರಳಿಟ್ಟು, ‘ಇದು ನೇಗಿಲಾ ಐತ್ರಿ ಅಕ್ಕೋರ, ಬಿತ್ತಾಕ ಕೂರಿಗಿ ಬೇಕ್ರಿ’ ಎಂದ. ಪಕ್ಕದಲ್ಲಿದ್ದ ಹುಡುಗಿ, ‘ಹಂಗಾರ ಅವ್ವ ಎಲ್ಲಿ ಅದಾಳ್ರಿ?’ ಎಂದು ಕೇಳಿದಳು. ಕೂರಿಗೆಯಲ್ಲಿ ಎತ್ತು ಹೊಡೆಯುವವನು ಒಬ್ಬನಾದರೆ, ಬಟ್ಟಲಿಗೆ ಬೀಜ ಬಿಡುತ್ತ ಹಿಂದೆ ನಡೆಯುವವಳು ಸಾಮಾನ್ಯವಾಗಿ ಹೆಂಗಸು. ಬಟ್ಟಲಿನಿಂದ ಕೊಳವೆಗಳ ಮೂಲಕ ಬೀಜ ಸಾಲುಸಾಲಾಗಿ ಇಳಿಯುತ್ತದೆ. ಒಂದೇ ಚಿತ್ರದಲ್ಲಿ ನಾನು ಉಪಕರಣವನ್ನು ತಪ್ಪಾಗಿ ಬರೆದಿದ್ದೆ, ಅರ್ಧ ಕೆಲಸ ಮಾಡುವವಳನ್ನು ಬರೆಯದೆಯೇ ಬಿಟ್ಟಿದ್ದೆ. ಪುಸ್ತಕ ಆಗಲೇ ಅಚ್ಚಾಗಿತ್ತು.

ಅಂದಿನಿಂದ ನಾನು ಶಾಲೆಗೆ ಹೋಗುವುದು ಪುಸ್ತಕ ಇನ್ನೂ ಪೆನ್ಸಿಲಿನಲ್ಲಿರುವಾಗ. ಅಚ್ಚಿನ ದೊಡ್ಡ ಹಾಳೆಯನ್ನು ಎರಡೂ ಕಡೆ ಮುದ್ರಿಸಿ ಮಡಚಿ ಕತ್ತರಿಸುವುದರಿಂದ ಚಿತ್ರಪುಸ್ತಕಗಳು ಸಾಮಾನ್ಯವಾಗಿ 16, 24 ಅಥವಾ 32 ಪುಟಗಳಲ್ಲಿ ಇರುತ್ತವೆ. ನಾನು ಎ3 ಹಾಳೆಗಳನ್ನು ನಡುವೆ ಮಡಚಿ, ದಾರದಲ್ಲಿ ಹೊಲಿದು, ಅಷ್ಟೇ ಪುಟಗಳ ಒಂದು ನಮೂನೆ ಪುಸ್ತಕ ಮಾಡಿಕೊಳ್ಳುತ್ತೇನೆ. ಗೆರೆಗಳನ್ನು ಮಾತ್ರ ದಪ್ಪ ಮಾರ್ಕರಿನಲ್ಲಿ ತಿದ್ದುತ್ತೇನೆ, ಏಕೆಂದರೆ ಪೆನ್ಸಿಲ್ ಗೆರೆ ನೆಲದ ಮೇಲೆ ಹಿಂದೆ ಕುಳಿತ ಮಗುವಿಗೆ ಕಾಣುವುದಿಲ್ಲ. ಬಣ್ಣ ಹಾಕುವುದಿಲ್ಲ. ಬಣ್ಣ ತುಂಬಿದ ಚಿತ್ರವನ್ನು ಮಕ್ಕಳು ಮುಗಿದ ಕೆಲಸವೆಂದು ಗೌರವಿಸುತ್ತಾರೆ. ಬರಿಗೆರೆಯ ಚಿತ್ರಕ್ಕೆ ತಕರಾರು ಹೇಳಲು ಹಿಂಜರಿಯುವುದಿಲ್ಲ.

ಅನುಮತಿಗೆ ಮುಖ್ಯೋಪಾಧ್ಯಾಯರಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಮೊದಲೇ ಪತ್ರ ಬರೆಯಬೇಕು. ಹೊತ್ತಿನ ವಿಷಯದಲ್ಲಿ ನನ್ನದು ಒಂದೇ ಹಟ: ಬಿಸಿಯೂಟಕ್ಕೆ ಮೊದಲು. ಸಾಂಬಾರಿನ ಒಗ್ಗರಣೆಯ ವಾಸನೆ ತರಗತಿಯೊಳಗೆ ಬಂದ ಮೇಲೆ ಯಾವ ಚಿತ್ರವೂ ನಿಲ್ಲುವುದಿಲ್ಲ, ಊಟದ ನಂತರ ಮಕ್ಕಳ ಕಣ್ಣು ನಿಲ್ಲುವುದಿಲ್ಲ. ನಲವತ್ತು ನಿಮಿಷ ಸಾಕು.

ಕೇಳುವ ರೀತಿಯನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ‘ಚಿತ್ರ ಚೆನ್ನಾಗಿದೆಯಾ?’ ಎಂದು ಕೇಳಿದರೆ ಇಡೀ ತರಗತಿ ಒಂದೇ ರಾಗದಲ್ಲಿ ‘ಚೆನ್ನಾಗಿದೆ’ ಎನ್ನುತ್ತದೆ, ಅಲ್ಲಿಗೆ ಮುಗಿಯಿತು. ಈಗ ನಾನು ಕಥೆಯನ್ನು ಓದುವುದೇ ಇಲ್ಲ. ಅಕ್ಷರವಿರುವ ಜಾಗಕ್ಕೆ ಕಾಗದ ಅಂಟಿಸಿ, ಒಂದೊಂದೇ ಪುಟ ತೆರೆದು, ‘ಇಲ್ಲಿ ಏನು ನಡೆಯುತ್ತಿದೆ?’ ಎಂದಷ್ಟೇ ಕೇಳಿ ಸುಮ್ಮನಿರುತ್ತೇನೆ. ಸುಮ್ಮನಿರುವುದು ನನಗಿಂತ ಶಿಕ್ಷಕರಿಗೆ ಕಷ್ಟ. ಮಗು ತಡವರಿಸಿದರೆ ಅವರು ಪ್ರೀತಿಯಿಂದಲೇ ಉತ್ತರ ಹೇಳಿಕೊಟ್ಟುಬಿಡುತ್ತಾರೆ. ಅದಕ್ಕಾಗಿ ಮಕ್ಕಳ ಮಾತನ್ನು ಅವರಾಡಿದಂತೆಯೇ ಬರೆದುಕೊಳ್ಳುವ ಕೆಲಸವನ್ನು ಶಿಕ್ಷಕರಿಗೇ ಒಪ್ಪಿಸುತ್ತೇನೆ. ಬರೆಯುವ ಕೈ ಇದ್ದಾಗ ಬಾಯಿ ತಾನಾಗಿ ಮೌನವಾಗುತ್ತದೆ, ಜೊತೆಗೆ ನನಗೆ ಆ ಊರಿನ ಮಾತು ಅಚ್ಚುಕಟ್ಟಾಗಿ ದಾಖಲಾಗಿ ಸಿಗುತ್ತದೆ.

ನಲಿಕಲಿ ತರಗತಿಗಳಲ್ಲಿ ನನಗೆ ಸಿಕ್ಕ ಓದುಗರು ಎಲ್ಲರಿಗಿಂತ ಕಟ್ಟುನಿಟ್ಟಿನವರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಗುಂಪುಗಳಲ್ಲಿ ಕುಳಿತು, ಕಲಿಕೆಯ ಹಂತಗಳನ್ನು ಕ್ರಮವಾಗಿ ತೋರಿಸುವ ‘ಕಲಿಕಾ ಏಣಿ’ ಎಂಬ ಪಟದ ಮೇಲಿನ ಚಿತ್ರಸಂಕೇತ ನೋಡಿ ತಮ್ಮ ಕಾರ್ಡನ್ನು ತಾವೇ ಹುಡುಕಿಕೊಳ್ಳುತ್ತಾರೆ. ಪ್ರತಿ ಚಿತ್ರವೂ ಏನನ್ನೋ ಹೇಳುತ್ತದೆ ಎಂಬುದು ಅವರಿಗೆ ನಿತ್ಯದ ಅಭ್ಯಾಸ. ಒಮ್ಮೆ ಪುಟದ ಮೂಲೆ ಖಾಲಿ ಕಾಣುತ್ತದೆಂದು ನಾನು ಒಂದು ಗುಬ್ಬಿಯನ್ನು ಕೂರಿಸಿದ್ದೆ, ಇನ್ನೂ ಕೆಲವು ಪುಟಗಳಲ್ಲಿ ಅದೇ ಕಾರಣಕ್ಕೆ ಮತ್ತೆ ಬರೆದಿದ್ದೆ. ಮಕ್ಕಳು ಕಥಾನಾಯಕನನ್ನು ಬಿಟ್ಟು ಆ ಗುಬ್ಬಿಯ ಬೆನ್ನು ಹತ್ತಿದರು. ಅದು ಕಾಣದ ಪುಟ ಬಂದಾಗ ತರಗತಿ ಮುಂದೆ ಹೋಗಲು ಒಪ್ಪಲಿಲ್ಲ. ಗುಬ್ಬಿ ಸತ್ತಿತೆಂದು ಒಬ್ಬ, ಮೊಟ್ಟೆಯಿಡಲು ಹೋಗಿದೆಯೆಂದು ಇನ್ನೊಬ್ಬಳು. ಜಾಗ ತುಂಬಲೆಂದು ಏನನ್ನೂ ಬರೆಯಬಾರದು ಎಂಬುದನ್ನು ನಾನು ಕಲಿತದ್ದು ಹೀಗೆ. ಪುಟದ ಅಂಚಿನಲ್ಲಿ ಕತ್ತರಿಸಿಹೋಗುವ ಆಕೃತಿಗಳ ಬಗ್ಗೆಯೂ ಇಂಥದೇ ತಕರಾರು ಬರುತ್ತದೆ: ಓಡುತ್ತಿರುವ ಹುಡುಗನ ಒಂದು ಕಾಲು ಪುಟದಾಚೆ ಉಳಿದರೆ ಅದು ನಮಗೆ ವೇಗ, ಆರು ವರ್ಷದ ಕೆಲವು ಮಕ್ಕಳಿಗೆ ಕುಂಟು. ನಡುಮಡಿಕೆಯಲ್ಲಿ ಅರ್ಧ ನುಂಗಿಹೋದ ಮುಖವನ್ನಂತೂ ಅವರು ಪುಸ್ತಕ ಬಗ್ಗಿಸಿ ಹುಡುಕುತ್ತಾರೆ.

ಹಾಗೆಂದು ಮಕ್ಕಳು ಹೇಳಿದ್ದನ್ನೆಲ್ಲ ನಾನು ಬರೆಯುವುದಿಲ್ಲ. ಬೆಕ್ಕನ್ನು ಹುಲಿ ಮಾಡಿ, ಅಜ್ಜಿಗೆ ಬೈಕು ಕೊಡಿ ಎಂಬ ಬೇಡಿಕೆಗಳು ಎಲ್ಲ ಊರಿನಲ್ಲೂ ಬರುತ್ತವೆ, ಬಂದಾಗ ಖುಷಿಯಿಂದ ಬರೆದುಕೊಂಡು ಅಲ್ಲಿಗೇ ಬಿಡುತ್ತೇನೆ. ಚಿತ್ರ ಅರ್ಥವಾಗದೆ ಹುಟ್ಟಿದ ಪ್ರಶ್ನೆಗೂ ಚಿತ್ರ ಅರ್ಥವಾಗಿ ಹುಟ್ಟಿದ ಆಸೆಗೂ ವ್ಯತ್ಯಾಸವಿದೆ, ನನ್ನ ಕೆಲಸಕ್ಕೆ ಬೇಕಾದದ್ದು ಮೊದಲನೆಯದು. ಒಂದೇ ಪುಟದಲ್ಲಿ ಎರಡು ಶಾಲೆಗಳ ಮಕ್ಕಳು ತಡವರಿಸಿದರೆ ಆ ಪುಟವನ್ನು ಹೊಸದಾಗಿ ಬರೆಯುತ್ತೇನೆ.

ಜೋಳದ ಪುಸ್ತಕಕ್ಕೆ ಮರುಮುದ್ರಣದ ಅವಕಾಶ ಬಂದಾಗ ಬಿತ್ತನೆಯ ಪುಟವನ್ನು ಮತ್ತೆ ಬರೆದೆ. ಒಮ್ಮೆಗೆ ಮೂರು ಸಾಲು ಬಿತ್ತುವ ಮೂರು ತಾಳಿನ ಕೂರಿಗೆ, ಮುಂದೆ ಎತ್ತು ಹೊಡೆಯುವ ಅಪ್ಪ, ಹಿಂದೆ ಬಟ್ಟಲಿಗೆ ಬೀಜ ಬಿಡುವ ಅವ್ವ. ಈ ಸಲ ಬಣ್ಣ ಹಾಕುವ ಮೊದಲೇ ಅದೇ ಶಾಲೆಗೆ ಒಯ್ದೆ. ಅಂದು ಅವ್ವ ಎಲ್ಲಿ ಎಂದು ಕೇಳಿದ್ದ ಹುಡುಗಿ ಈಗ ನಾಲ್ಕನೆಯ ತರಗತಿಯಲ್ಲಿದ್ದಳು. ಬಹಳ ಹೊತ್ತು ನೋಡಿ, ‘ಬೀಜ ಎಲ್ಲಿಂದ ತಗೀತಾಳ್ರಿ? ಉಡಿ ಖಾಲಿ ಐತಲ್ರಿ’ ಎಂದಳು. ಪೆನ್ಸಿಲ್ ಕೈಯಲ್ಲೇ ಇತ್ತು. ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅವ್ವನ ಉಡಿ ತುಂಬಿದೆ.