ಅಂಗಳದಲ್ಲಿ ಇಂಗುಗುಂಡಿ: ಗುದ್ದಲಿ ಹಾಕುವ ಮೊದಲು

ಬೆಂಗಳೂರಿನ ಸೈಟುಗಳಲ್ಲಿ ಮಳೆನೀರನ್ನು ನೆಲಕ್ಕಿಳಿಸುವ ಇಂಗುಗುಂಡಿಗೆ ಉಳಿಯುವುದು ಗೇಟಿಗೂ ಗೋಡೆಗೂ ನಡುವಿನ ಇಷ್ಟಗಲ ಜಾಗ. ಕರೆಂಟು, ಕಾವೇರಿ ನೀರು, ಒಳಚರಂಡಿ, ಈಚೆಗೆ ಪೈಪಿನ ಗ್ಯಾಸು ಎಲ್ಲವೂ ಹಾದುಹೋಗುವುದು ಅದರ ಅಡಿಯಲ್ಲೇ.

ಮೀಟರ್ ಬೋರ್ಡಿನಿಂದ ಶುರುಮಾಡಿ. ನೆಲಕ್ಕಿಳಿದ ಪ್ರತಿ ವೈರು, ಪೈಪು ಎಲ್ಲಿ ಮೇಲೇಳುತ್ತದೆ ನೋಡಿ, ನಡುವೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ. ಬೋರ್‌ವೆಲ್ ಕೇಬಲ್, ಗೇಟ್ ದೀಪದ ವೈರು, ಅರ್ಥಿಂಗ್ ಪಟ್ಟಿ (ಸೋರಿದ ಕರೆಂಟನ್ನು ನೆಲಕ್ಕಿಳಿಸಿ ಶಾಕ್ ತಪ್ಪಿಸುವ ಲೋಹದ ಪಟ್ಟಿ) ಯಾವ ಇಲಾಖೆಯ ನಕ್ಷೆಯಲ್ಲೂ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಒಂದಡಿ ಆಳದಲ್ಲೇ ಸಿಗುತ್ತವೆ. ಹೊರಗಿನಿಂದ ಬರುವ ಲೈನುಗಳಿಗೆ ಬೆಸ್ಕಾಂ (1912), ಜಲಮಂಡಳಿ (1916), ಗ್ಯಾಸ್ ಬಿಲ್ಲಿನ ಮೇಲಿರುವ ನಂಬರುಗಳಲ್ಲಿ ವಿಚಾರಿಸಿ.

ಮೈನ್ ಆಫ್ ಮಾಡಿದ್ದೇವೆ ಎಂಬ ಧೈರ್ಯ ಬೇಡ. ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ಕೇಬಲ್‌ನಲ್ಲಿ ಆಗಲೂ ಕರೆಂಟು ಇರುತ್ತದೆ. ಯುಪಿಎಸ್‌ಗೆ ಜೋಡಿಸಿದ್ದರೆ ಗೇಟ್ ದೀಪದ ವೈರಿನಲ್ಲೂ ಇರುತ್ತದೆ, ಅದನ್ನೂ ಆರಿಸಿ. ಸರ್ವಿಸ್ ಕೇಬಲ್ ಅಡ್ಡ ಬಂದರೆ ಗುಂಡಿಯ ಜಾಗವನ್ನೇ ಬದಲಿಸಿ.

ಮೊದಲ 4 ಅಡಿ ಕೈಯಲ್ಲೇ ಅಗೆಯಬೇಕು. ಎಲ್‌ಟಿ ಕೇಬಲ್ (ಮನೆಗಳಿಗೆ ಕರೆಂಟು ತರುವ ಕಡಿಮೆ ವೋಲ್ಟೇಜಿನ ಕೇಬಲ್) ಸಾಮಾನ್ಯವಾಗಿ 75 ಸೆಂ.ಮೀ., ಗ್ಯಾಸ್ ಪೈಪು ಸುಮಾರು 1 ಮೀಟರ್ ಆಳದಲ್ಲಿ ಹಾಕಿರುತ್ತಾರೆ. ಆಮೇಲೆ ಯಾರಾದರೂ ಮಣ್ಣು ತೆಗೆದಿದ್ದರೆ ಈ ಲೆಕ್ಕ ತಪ್ಪುತ್ತದೆ. ಹಾರೆ, ಪಿಕಾಸಿಯ ಮೊನೆಗೆ ಕೇಬಲ್ಲಿನ ಹೊದಿಕೆ ತಡೆಯುವುದಿಲ್ಲ. ಸಲಿಕೆ ಹಿಡಿದು, ಗೆರೆಯಿಂದ ಒಂದೂವರೆ ಅಡಿ ಪಕ್ಕದಲ್ಲಿ ಇಳಿದು, ಅಡ್ಡಲಾಗಿ ಮಣ್ಣು ಕೆರೆಯುತ್ತ ಬನ್ನಿ. ಕೆಮ್ಮಣ್ಣಿನ ನಡುವೆ ಮರಳು, ಸಾಲಿಟ್ಟ ಇಟ್ಟಿಗೆ ಅಥವಾ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಂಡರೆ ಅಲ್ಲೇ ನಿಲ್ಲಿಸಿ, ಅದರಡಿ ಲೈನಿದೆ. ಹಳದಿ, ಕಿತ್ತಳೆ ಪೈಪು ಗ್ಯಾಸಿನದೆಂದೇ ತಿಳಿಯಿರಿ. ಪ್ಲಾಸ್ಟಿಕ್ ಆದ್ದರಿಂದ ಮೆಟಲ್ ಡಿಟೆಕ್ಟರಿಗೆ ಅದು ಸಿಗುವುದಿಲ್ಲ. ಕಪ್ಪಗಿರುವುದೆಲ್ಲ ನೀರಿನ ಪೈಪಲ್ಲ, ಕೇಬಲ್ಲೂ ಕಪ್ಪೇ.

ಕೇಬಲ್‌ಗೆ ಏಟು ಬಿದ್ದರೆ ಸಿಕ್ಕಿಕೊಂಡ ಸಲಕರಣೆ ಕೀಳಲು ಹೋಗಬೇಡಿ. ಶಾಕ್ ಹೊಡೆದವರನ್ನು ಲೈನ್ ಆಫ್ ಆಗುವವರೆಗೆ ಮುಟ್ಟಬೇಡಿ. ಸಣ್ಣ ಗೀರಾದರೂ 1912ಕ್ಕೆ ತಿಳಿಸಿ, ಮುಚ್ಚಿಬಿಟ್ಟರೆ ನೀರಿಳಿದು ತಿಂಗಳುಗಳ ನಂತರ ಸಿಡಿಯಬಹುದು.

ಗ್ಯಾಸ್ ಬುಸ್ಸೆಂದರೆ ಮಣ್ಣು ಎಳೆದು ಮುಚ್ಚುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಮೇಲೆ ಹೋಗಬೇಕಾದ ಅನಿಲ ಮಣ್ಣೊಳಗೇ ಹರಿದು ಚರಂಡಿಗೆ, ಮನೆಯೊಳಗೆ ನುಗ್ಗುತ್ತದೆ. ಅಡುಗೆಮನೆಯ ವಾಲ್ವ್ ಮುಚ್ಚಿಯೂ ಪ್ರಯೋಜನವಿಲ್ಲ, ಪೈಪು ಒಡೆದಿರುವುದು ಅದಕ್ಕಿಂತ ಹಿಂದೆ. ಸ್ವಿಚ್ಚು ಮುಟ್ಟದೆ, ಗಾಡಿ ಸ್ಟಾರ್ಟ್ ಮಾಡದೆ ಎಲ್ಲರನ್ನೂ ಗಾಳಿ ಬೀಸಿಬರುವ ಕಡೆಗೆ ಕರೆದೊಯ್ಯಿರಿ. ಫೋನು ದೂರ ಹೋದ ಮೇಲೆ.

ಅರ್ಥಿಂಗ್ ಪಟ್ಟಿ ತುಂಡಾದರೆ ಮಾತ್ರ ಗೊತ್ತೇ ಆಗುವುದಿಲ್ಲ. ದೀಪ ಉರಿಯುತ್ತದೆ, ಮೋಟರ್ ಓಡುತ್ತದೆ. ಎಲೆಕ್ಟ್ರಿಷಿಯನ್ ಬಂದು ಜೋಡಿಸಿ ಪರೀಕ್ಷಿಸುವವರೆಗೆ ಗೀಸರ್, ವಾಷಿಂಗ್ ಮಷೀನ್, ಮೋಟರ್ ಹಾಕಬೇಡಿ.