ಸಿಇಟಿ, ನೀಟ್ ಬಗ್ಗೆ ಸಿಟ್ಟೂ ಇದೆ, ಆಸೆಯೂ ಇದೆ: ಎರಡನ್ನೂ ಬಿಡಿಸಿಕೊಳ್ಳುವ ಬಗೆ

ದ್ವಿತೀಯ ಪಿಯುಸಿ ವಿಜ್ಞಾನ ಓದುವ ಮಕ್ಕಳನ್ನು ಪ್ರವೇಶ ಪರೀಕ್ಷೆಯ ಬಗ್ಗೆ ಕೇಳಿದರೆ ಒಂದೇ ಬಾಯಲ್ಲಿ ಎರಡು ಮಾತು ಬರುತ್ತವೆ. ಎರಡು ವರ್ಷ ಓದಿದ್ದನ್ನು ಎಂಬತ್ತು ನಿಮಿಷದಲ್ಲಿ ಅಳೆಯುತ್ತಾರೆ ಎಂಬ ಸಿಟ್ಟು ಒಂದಾದರೆ, ವಶೀಲಿ, ಡೊನೇಶನ್ ಇಲ್ಲದವರಿಗೆ ಇದೊಂದೇ ದಾರಿ ಎಂಬ ಭರವಸೆ ಇನ್ನೊಂದು. ಶಿರಸಿಯಲ್ಲಿ ಇಂಥ ಮಕ್ಕಳಿಗೆ ಸಂಜೆ ಭೌತಶಾಸ್ತ್ರ ಹೇಳಿಕೊಡುವ ನನಗೆ ಎರಡೂ ನಿಜವೆಂದೇ ತೋರುತ್ತದೆ. ಆದ್ದರಿಂದ ಒಂದನ್ನು ಅದುಮಲು ಹೋಗದೆ, ಯಾವ ಸಿಟ್ಟು ಯಾವ ಪರೀಕ್ಷೆಯ ಯಾವ ನಿಯಮದ ಮೇಲೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಮೊದಲು ಪರೀಕ್ಷೆಗಳನ್ನು ಬೇರ್ಪಡಿಸಬೇಕು. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಾಗಲಿ, ಶಿರಸಿಯ ಅರಣ್ಯ ಕಾಲೇಜಾಗಲಿ ಗುರಿಯಾಗಿದ್ದರೆ ಬೇಕಾದದ್ದು ಸಿಇಟಿ ರ‍್ಯಾಂಕ್. ಕಾರವಾರದ ವೈದ್ಯಕೀಯ ಕಾಲೇಜಿನ ಎಂಬಿಬಿಎಸ್ ಸೀಟಿಗೆ ನೀಟ್ ರ‍್ಯಾಂಕ್. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಸಿದ್ದಾಪುರದ ಕಡೆಯ ಹುಡುಗಿಯೊಬ್ಬಳು ಸಿಇಟಿಯ ಅಣಕು ಪರೀಕ್ಷೆಯಲ್ಲಿ 47 ವೃತ್ತ ತುಂಬಿ 13 ಖಾಲಿ ಬಿಟ್ಟಿದ್ದಳು. ಕೇಳಿದರೆ, “ಮೈನಸ್ ಬಿದ್ರೆ ಏನ್ ಮಾಡೂದು ಸರ್?” ಎಂದಳು. ನೀಟ್‌ನ ಹೆದರಿಕೆಯನ್ನು ಸಿಇಟಿಯ ಹಾಳೆಗೆ ಹೊತ್ತು ತಂದಿದ್ದಳು. ಅಸಲಿಗೆ ನೀಟ್‌ನಲ್ಲಿಯೂ ನಾಲ್ಕು ಆಯ್ಕೆಗಳಲ್ಲಿ ಒಂದು ಖಂಡಿತ ತಪ್ಪೆಂದು ಗೊತ್ತಾದರೆ, ಉಳಿದ ಮೂರರಲ್ಲಿ ಊಹಿಸಿ ಬರೆಯುವುದರಿಂದ ಸರಾಸರಿಯಲ್ಲಿ ಪ್ರಶ್ನೆಗೆ ಮುಕ್ಕಾಲು ಅಂಕಕ್ಕೆ ಸ್ವಲ್ಪ ಕಡಿಮೆ ಲಾಭವೇ ಇದೆ.

ಬಳಿಕ ಸಿಟ್ಟನ್ನು ಲೆಕ್ಕಕ್ಕೆ ಇಳಿಸಿ. “ಬೋರ್ಡ್ ಅಂಕಕ್ಕೆ ಬೆಲೆಯೇ ಇಲ್ಲ” ಎಂಬ ಮಾತು ನೀಟ್‌ನ ಮಟ್ಟಿಗೆ ಬಹುತೇಕ ಸರಿ; ಅಲ್ಲಿ ಪಿಯುಸಿ ಅಂಕ ಅರ್ಹತೆಗಷ್ಟೇ ಬೇಕು, ರ‍್ಯಾಂಕಿಗೆ ಸೇರುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗಾದರೋ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯುಸಿ ಅಂಕಕ್ಕೆ ಅರ್ಧ, ಸಿಇಟಿಗೆ ಅರ್ಧ ತೂಕ. ಪಿಯುಸಿಯಲ್ಲಿ 300ಕ್ಕೆ 290, ಸಿಇಟಿಯಲ್ಲಿ 180ಕ್ಕೆ 90 ಪಡೆದವರಿಗೆ 48.33 ಮತ್ತು 25 ಸೇರಿ 73.33 ಆಗುತ್ತದೆ. ಪಿಯುಸಿಯಲ್ಲಿ 240, ಸಿಇಟಿಯಲ್ಲಿ 120 ಪಡೆದವರಿಗೂ 40 ಮತ್ತು 33.33 ಕೂಡಿ ಅದೇ 73.33. ನಿಮ್ಮ ಅಂಕಗಳನ್ನು ಹೀಗೆ ಹಾಕಿ ನೋಡಿ. ಮುಂದಿನ ಎರಡು ತಿಂಗಳು ಯಾವುದಕ್ಕೆ ಕೂರಬೇಕೆಂಬುದು ಅಲ್ಲೇ ಕಾಣುತ್ತದೆ.

ಕೆಲವು ಸಿಟ್ಟುಗಳಿಗೆ ಲೆಕ್ಕವಿಲ್ಲ. 2024ರ ಸಿಇಟಿಯಲ್ಲಿ ಪಠ್ಯಕ್ರಮದಲ್ಲಿಲ್ಲದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಅದೇ ವರ್ಷದ ನೀಟ್‌ನಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋದರೂ ಎಲ್ಲರಿಗೂ ಮರುಪರೀಕ್ಷೆ ನಡೆಸುವ ಆದೇಶವಾಗಲಿಲ್ಲ. ಇಂಥವನ್ನು ಹಾಳೆಯ ಹಿಂಬದಿಗೆ ಬರೆಯಿರಿ. ಸುಳ್ಳೆಂದಲ್ಲ, ಓದುವ ಮೇಜಿನ ಮೇಲೆ ಅವುಗಳಿಗೆ ಕೆಲಸವಿಲ್ಲ ಅಷ್ಟೆ.

ಹಳ್ಳಿಯ ಮಕ್ಕಳು ಮರೆಯುವ ಸಂಗತಿ ಇನ್ನೊಂದಿದೆ. “ಪೇಟೆಯವರಿಗೆ ಕೋಚಿಂಗ್ ಇದೆ, ನಮಗೆ ಬಸ್ಸೂ ಇಲ್ಲ” ಎನ್ನುವವರು, ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಸಿಇಟಿ ಸೀಟು ಹಂಚಿಕೆಯಲ್ಲಿ ಮೀಸಲಾತಿ ಇರುವುದನ್ನು ಗಮನಿಸಿರುವುದಿಲ್ಲ. ಅದಕ್ಕೆ ಶಾಲೆಯ ಪ್ರಮಾಣಪತ್ರವೂ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕು. ಎರಡು ಶಾಲೆಯಲ್ಲಿ ಓದಿದವರು ಎರಡಕ್ಕೂ ಅಲೆಯಬೇಕಾಗುವುದರಿಂದ, ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ.

ಕೊನೆಗೆ ಮನೆಯಲ್ಲಿ ಮಾತಾಡುವುದು. ಬಹಳ ಮಕ್ಕಳಿಗೆ ಪರೀಕ್ಷೆಗಿಂತ ಇದೇ ಕಷ್ಟ. ಮೂಡುಬಿದಿರೆಗೋ ಧಾರವಾಡಕ್ಕೋ ಕಳಿಸಿ ಒಂದು ವರ್ಷ ‘ರಿಪೀಟ್’ ಮಾಡಿಸುವ ಯೋಚನೆ ಅಪ್ಪನ ತಲೆಯಲ್ಲಿರುತ್ತದೆ, ಅದರ ಖರ್ಚಿನ ಚಿಂತೆ ಆಯಿಯದು. “ನನಗೆ ಆಗೂದಿಲ್ಲ” ಎಂದು ಶುರು ಮಾಡಿದರೆ ಮಾತು ಜಗಳಕ್ಕೆ ತಿರುಗುತ್ತದೆ. ರಾತ್ರಿ ಅಡಿಕೆ ಸುಲಿಯಲು ಎಲ್ಲರೂ ಕೂತಾಗ, ಕಳೆದ ಮೂರು ಅಣಕು ಪರೀಕ್ಷೆಗಳ ಅಂಕವನ್ನೂ ಆ ಹಾಳೆಯನ್ನೂ ಮುಂದಿಟ್ಟು, ಯಾವ ಪರೀಕ್ಷೆಯನ್ನು ಮನಸ್ಸಿಟ್ಟು ಬರೆಯುತ್ತೀರಿ, ಯಾವುದನ್ನು ಬರೆದು ನೋಡುತ್ತೀರಿ ಎಂದು ಹೇಳಿ.